ಬೆಂಗಳೂರಿನ ಕಂಪನಿಗೆ ಡೆಲವೇರ್ ವಿಳಾಸ ಯಾಕೆ?

ಪ್ರಶ್ನೆ: ನಮ್ಮ ಸ್ಟಾರ್ಟಪ್‌ಗೆ ದುಡ್ಡು ಹಾಕುವವರು, ಮೊದಲು ಅಮೆರಿಕದ ಡೆಲವೇರ್‌ನಲ್ಲಿ ಕಂಪನಿ ಮಾಡಿ ಅನ್ನುತ್ತಿದ್ದಾರೆ. ಅಲ್ಲಿ ತೆರಿಗೆ ಇಲ್ಲ ಅಂತಲಾ?

ತೆರಿಗೆ ಇಲ್ಲದ್ದು ಅಲ್ಲಿನ ಅಂಗಡಿ ಬಿಲ್ಲಿಗೆ ಮಾತ್ರ. ಡೆಲವೇರ್‌ನಲ್ಲಿ ವ್ಯಾಪಾರ ಮಾಡಿ ಲಾಭ ಬಂದರೆ ರಾಜ್ಯಕ್ಕೇ 8.7% ಕಟ್ಟಬೇಕು, ಅಮೆರಿಕ ಸರ್ಕಾರದ ತೆರಿಗೆ ಬೇರೆ. ವ್ಯಾಪಾರ ಇರಲಿ ಬಿಡಲಿ, ನೋಂದಣಿ ಮಾಡಿಸಿದ ತಪ್ಪಿಗೆ ವರ್ಷಕ್ಕೊಮ್ಮೆ ಫ್ರಾಂಚೈಸ್ ಟ್ಯಾಕ್ಸ್ ಅಂತ ಬೇರೆ ಇದೆ.

ಸುಮಾರು 10 ಲಕ್ಷ ಜನರ ಪುಟ್ಟ ರಾಜ್ಯ ಅದು. ನೋಂದಾಯಿತ ಸಂಸ್ಥೆಗಳು ಮಾತ್ರ 20 ಲಕ್ಷಕ್ಕೂ ಜಾಸ್ತಿ! ವಿಲ್ಮಿಂಗ್ಟನ್ ಊರಿನ 1209 ನಾರ್ತ್ ಆರೆಂಜ್ ಸ್ಟ್ರೀಟ್‌ನಲ್ಲಿ ಒಂದೇ ಅಂತಸ್ತಿನ ಕಟ್ಟಡವಿದೆ. ಎರಡೂವರೆ ಲಕ್ಷಕ್ಕೂ ಹೆಚ್ಚು ಕಂಪನಿಗಳಿಗೆ ಅದೇ ವಿಳಾಸ. ಒಳಗೆ ಅವರ್ಯಾರೂ ಕೂತಿಲ್ಲ. ಅವರ ಪರವಾಗಿ ಕಾಗದಪತ್ರ ತೆಗೆದುಕೊಳ್ಳುವ ಏಜೆಂಟ್ ಇದ್ದಾರೆ, ಅಷ್ಟೇ.

ಹಾಗಾದರೆ ಸೆಳೆತ ಏನು? ನನ್ನ ಲೆಕ್ಕದಲ್ಲಿ, ಕೋರ್ಟು. 1792ರಿಂದ ನಡೆಯುತ್ತಿರುವ ಅಲ್ಲಿನ ಚಾನ್ಸರಿ ಕೋರ್ಟಿನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ತಂಡ, ಇಲ್ಲ. ಕಂಪನಿ ಜಗಳಗಳಲ್ಲೇ ಪಳಗಿದ ಜಡ್ಜ್‌ಗಳು ಕಾರಣ ಬರೆದು ತೀರ್ಪು ಕೊಡುತ್ತಾರೆ. ಆ ತೀರ್ಪುಗಳ ರಾಶಿ ಎಷ್ಟಿದೆ ಅಂದರೆ, ಪಾಲುದಾರರು ಕಿತ್ತಾಡಿದರೆ ಮುಂದೇನಾಗಬಹುದು ಅಂತ ವಕೀಲರು ಮೊದಲೇ ಅಂದಾಜು ಹೇಳಬಲ್ಲರು. ದುಡ್ಡು ಹಾಕುವವರಿಗೆ ಬೇಕಿರುವುದು ಅದೇ ಅಲ್ವಾ?

ಕಂಪನಿಗಳನ್ನು ನೋಂದಾಯಿಸಿಕೊಳ್ಳುವ ಈ ವ್ಯಾಪಾರ ಮೊದಲು ಪಕ್ಕದ ನ್ಯೂಜೆರ್ಸಿ ರಾಜ್ಯದ್ದಾಗಿತ್ತು. ಡೆಲವೇರ್ 1899ರಲ್ಲಿ ತನ್ನದೇ ಸಡಿಲ ಕಂಪನಿ ಕಾಯ್ದೆ ಮಾಡಿತು. 1913ರಲ್ಲಿ ನ್ಯೂಜೆರ್ಸಿ ಗವರ್ನರ್ ವುಡ್ರೋ ವಿಲ್ಸನ್ ಅಲ್ಲಿನ ನಿಯಮ ಬಿಗಿ ಮಾಡಿದ್ದೇ ತಡ, ಕಂಪನಿಗಳು ಡೆಲವೇರ್‌ಗೆ ಗಂಟುಮೂಟೆ ಕಟ್ಟಿದವು.

ಈಗ ಡೆಲವೇರ್‌ಗೂ ಅದೇ ಭಯ. 2024ರಲ್ಲಿ ಟೆಸ್ಲಾ ನೋಂದಣಿಯನ್ನು ಟೆಕ್ಸಾಸ್‌ಗೆ ಬದಲಾಯಿಸಿತು. ಮರುವರ್ಷ ಮಾರ್ಚ್‌ನಲ್ಲಿ ಡೆಲವೇರ್ ಅವಸರದಲ್ಲಿ ಕಾಯ್ದೆ ತಿದ್ದಿ, ಕಂಪನಿ ಕೈಯಲ್ಲಿಟ್ಟುಕೊಂಡ ದೊಡ್ಡ ಷೇರುದಾರರ ಹಾದಿ ಸಲೀಸು ಮಾಡಿತು. ಬೊಕ್ಕಸದ ದೊಡ್ಡ ಪಾಲು ಕಂಪನಿಗಳು ಕಟ್ಟುವ ಫ್ರಾಂಚೈಸ್ ಟ್ಯಾಕ್ಸ್, ಶುಲ್ಕಗಳಿಂದಲೇ ಬರುವಾಗ ಇನ್ನೇನು ಮಾಡೀತು?

ನಿಮ್ಮ ವಿಷಯಕ್ಕೆ ಬಂದರೆ: ದುಡ್ಡು ಹಾಕುವವರು ಅಮೆರಿಕದವರಾ, ಗಿರಾಕಿಗಳೂ ಅಲ್ಲಿನವರಾ? ಹಾಗಿದ್ದರೆ ಅವರ ಮಾತು ಸರಿ. ಗಿರಾಕಿಗಳೆಲ್ಲ ಇಲ್ಲೇ ಇದ್ದು, ಮುಂದೆ ಇಲ್ಲೇ ಷೇರುಪೇಟೆಗೆ ಹೋಗುವ ಆಸೆ ಇದ್ದರೆ ಸುಮ್ನೆ ಸಹಿ ಹಾಕಬೇಡಿ. ಷೇರು ಹೂಡಿಕೆ ಆ್ಯಪ್ ನಡೆಸುವ ಬೆಂಗಳೂರಿನ ಗ್ರೋ ಕಂಪನಿ, ನೋಂದಣಿಯನ್ನು ಡೆಲವೇರ್‌ನಿಂದ ಭಾರತಕ್ಕೆ ವಾಪಸ್ ತರುವಾಗ ಕಟ್ಟಿದ ತೆರಿಗೆ ಸುಮಾರು 1,340 ಕೋಟಿ ರೂಪಾಯಿ.