ಶಾರ್ಕ್ ಹಲ್ಲು ಸಿಗಬೇಕಾದರೆ ಗೋಡೆ ಅಗೆಯಬೇಕಾ?

ಓದುಗರ ಪ್ರಶ್ನೆ: "ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಕ್ಲಿಫ್ಸ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಮೂರು ಗಂಟೆ ಹುಡುಕಿದರೂ ಸಿಕ್ಕಿದ್ದು ಎರಡು ಚಿಪ್ಪು. ಹಲ್ಲೆಲ್ಲ ಆ ಮಣ್ಣಿನ ಗೋಡೆಯೊಳಗೇ ಇರುವುದಲ್ವಾ? ಮುಂದಿನ ಸಲ ಸಣ್ಣದೊಂದು ಗುದ್ದಲಿ ತೆಗೆದುಕೊಂಡು ಹೋಗಲಾ?"

ಬೇಡ.

ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಆದರೆ ಬರೀ "ಬೇಡ" ಅಂದರೆ ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಊರಿಂದ ಅಪ್ಪ ಅಮ್ಮ ಬಂದಿಳಿಯುವ ಹೊತ್ತಿಗೆ ಸರಿಯಾಗಿ, ಇದೇ ಪ್ರಶ್ನೆ ಬರುತ್ತದೆ. ಕೆಲವರು ಗುದ್ದಲಿ ಅನ್ನುತ್ತಾರೆ, ಕೆಲವರು ಸ್ಕ್ರೂಡ್ರೈವರ್. ಒಬ್ಬರು ದೋಸೆ ಮಗುಚುವ ಕೈಯನ್ನೇ ತಂದಿದ್ದರು.

ಮೊದಲು ಆ ಗೋಡೆ ಏನು ಅಂತ ನೋಡೋಣ. ದೂರದಿಂದ ಬಂಡೆ ಅನ್ನಿಸುತ್ತದೆ. ಬಂಡೆ ಅಲ್ಲ. ಮರಳು, ಜೇಡಿಮಣ್ಣು, ಚಿಪ್ಪು ಪದರ ಪದರವಾಗಿ ಕೂತ ಹಳೆಯ ಸಮುದ್ರದ ತಳ ಅದು. ಚೆಸಪೀಕ್ ಕೊಲ್ಲಿಯ ಪಶ್ಚಿಮ ದಡದಲ್ಲಿ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ನಿಂತಿದೆ. ಕೆಲವು ಕಡೆ 30 ಮೀಟರಿಗಿಂತ ಎತ್ತರ. ಹಲ್ಲಿರುವ ಪದರಗಳು ಸುಮಾರು 80 ಲಕ್ಷದಿಂದ 2 ಕೋಟಿ ವರ್ಷ ಹಳೆಯವು. ಆಗ ಇಲ್ಲೆಲ್ಲ ಬೆಚ್ಚಗಿನ, ಆಳವಿಲ್ಲದ ಸಮುದ್ರವಿತ್ತು. ಶಾರ್ಕ್, ತಿಮಿಂಗಿಲ, ತೊರಕೆ ಮೀನು ಎಲ್ಲ ಓಡಾಡಿಕೊಂಡಿದ್ದವು.

ಈಗ ನೀವು ಹೇಳುತ್ತೀರಿ: "ನೋಡಿ, ನೀವೇ ಒಪ್ಪಿದಿರಿ, ಹಲ್ಲು ಗೋಡೆಯೊಳಗೇ ಇದೆ." ಹೌದು, ಇದೆ. ಆದರೆ ಗೋಡೆ ಹಲಸಿನ ಹಣ್ಣಲ್ಲ, ಕೊರೆದ ಕಡೆಯೆಲ್ಲ ತೊಳೆ ಸಿಗುವುದಕ್ಕೆ. ಉಪ್ಪಿಟ್ಟಿನಲ್ಲಿ ಗೋಡಂಬಿ ಇದ್ದ ಹಾಗೆ ಹಲ್ಲುಗಳಿವೆ, ಅದೂ ಹೋಟೆಲಿನ ಉಪ್ಪಿಟ್ಟು. ಒಂದು ಬಕೆಟ್ ಮಣ್ಣು ಕೆರೆದರೆ ನಿಮಗೆ ಸಿಗುವುದು ಚಿಪ್ಪಿನ ಪುಡಿ ಮತ್ತು ಕೆಸರು ಮೆತ್ತಿದ ಪ್ಯಾಂಟು.

ನಿಜವಾಗಿ ಅಗೆಯುವುದು ಸಮುದ್ರ. ಅಲೆ ಗೋಡೆಯ ಬುಡ ಕೊರೆಯುತ್ತದೆ. ಮಳೆ ನೀರು ಮರಳಿನೊಳಗೆ ಇಳಿದು, ಜೇಡಿಯ ಪದರ ದಾಟಲಾಗದೆ, ಅಡ್ಡಕ್ಕೆ ಜಿನುಗುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮಣ್ಣು ಸಡಿಲವಾಗುತ್ತದೆ. ಒಂದು ದಿನ ಲಾರಿಗಟ್ಟಲೆ ಮಣ್ಣು ಧೊಪ್ಪನೆ ಕೆಳಗೆ. ಆಮೇಲೆ ಅಲೆಗಳು ಮೊರ ಹಿಡಿದು ಕೂತ ಹಾಗೆ ಕೇರತೊಡಗುತ್ತವೆ. ಜೇಡಿ ಕರಗಿ ಹೋಗುತ್ತದೆ. ಮರಳು ಅತ್ತಿತ್ತ ಸರಿಯುತ್ತದೆ. ಹಲ್ಲು ಫಾಸ್ಫೇಟ್ ಖನಿಜ, ಅಷ್ಟೇ ಗಾತ್ರದ ಬಿಳಿಕಲ್ಲಿಗಿಂತ ಸ್ವಲ್ಪ ತೂಕ ಜಾಸ್ತಿ. ಅದಕ್ಕೇ ಜಲ್ಲಿಕಲ್ಲಿನ ಜೊತೆ ನೀರಂಚಿನಲ್ಲಿ ಉಳಿದುಬಿಡುತ್ತದೆ. ನಿಮ್ಮ ಕಾಲ ಕೆಳಗಿನ ಆ ಎರಡಡಿ ಅಗಲದ ಜಲ್ಲಿ ಪಟ್ಟಿ ಅಂದರೆ ಎಷ್ಟೋ ಟನ್ ಗೋಡೆಯನ್ನು ಕೇರಿ ಉಳಿದ ಕಾಳು. ಇಷ್ಟು ದೊಡ್ಡ ಕೆಲಸ ಬಿಟ್ಟಿಯಾಗಿ ಆಗಿರುವಾಗ ನೀವು ಅದಕ್ಕೆ ಬೆನ್ನು ಹಾಕಿ ಗೋಡೆ ಕೆರೆಯುತ್ತೀರಿ!

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸುಮ್ನೆ ಒಂದು ಕಡೆ, ಸ್ವಲ್ಪ ಮಾತ್ರ?" ಸರಿ, ಇದನ್ನೂ ಕೇಳಿ. ಕಳೆದ ಮಾರ್ಚ್‌ನಲ್ಲಿ ಹೋದಾಗ ಗೋಡೆಯ ನೆತ್ತಿಯಲ್ಲಿ ಒಂದು ಮರ ಹೊರಕ್ಕೆ ವಾಲಿಕೊಂಡಿತ್ತು. ನನ್ನ ಮಗಳು ಅದಕ್ಕೆ ಬಗ್ಗಿದ ತಾತ ಅಂತ ಹೆಸರಿಟ್ಟಳು. ಮೇ ತಿಂಗಳಲ್ಲಿ ಮತ್ತೆ ಹೋದೆವು. ತಾತ ಬೇರು ಸಮೇತ ಬೀಚಿನ ಮೇಲೆ ಮಲಗಿದ್ದ, ಎಲೆ ಇನ್ನೂ ಹಸಿರು. ಅವನ ಕೆಳಗೆ ಕಾರಿನಷ್ಟು ದೊಡ್ಡ ಮಣ್ಣಿನ ಹೆಂಟೆಗಳು. ಆ ದಿನ ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, ಒಳ್ಳೆ ಬಿಸಿಲು. ಹೇಳಿ ಕೇಳಿ ಬೀಳುವ ಗೋಡೆ ಅಲ್ಲ ಅದು. ಬುಡದಲ್ಲಿ ಕೂತು ಕೆರೆಯುವ ಮಗುವಿನ ಮೇಲೆ ಬಿದ್ದರೆ ತೆಗೆಯಲು ನಿಮ್ಮ ಗುದ್ದಲಿ ಸಾಲುವುದಿಲ್ಲ. ಸ್ಟೇಟ್ ಪಾರ್ಕಿನಲ್ಲಿ ಗೋಡೆ ಅಗೆಯುವುದು, ಹತ್ತುವುದು ಮಾತ್ರವಲ್ಲ, ಅದರ ಕೆಳಗೆ ನಡೆಯುವುದೂ ನಿಷೇಧ. ಬೀಚಿನಲ್ಲಿ ಸಿಕ್ಕ ಹಲ್ಲನ್ನು ಮನೆಗೆ ತರಬಹುದು, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಇನ್ನೊಂದು ವಿಷಯ. ಪ್ಯೂರಿಟನ್ ಟೈಗರ್ ಬೀಟಲ್ ಅನ್ನುವ ಅಪರೂಪದ ಜೀರುಂಡೆಯ ಮರಿಗಳು ಇದೇ ಗೋಡೆಯಲ್ಲಿ ಬಿಲ ತೋಡಿಕೊಂಡು ಬೆಳೆಯುತ್ತವೆ. ಅವಕ್ಕೆ ಪರವಾನಗಿ ಇದೆ ಅಂದುಕೊಳ್ಳಿ, ನಮಗಿಲ್ಲ.

ಹಾಗಾದರೆ ಮೂರು ಗಂಟೆ ಯಾಕೆ ಸಿಗಲಿಲ್ಲ? ನನ್ನ ಊಹೆ, ನೀವು ತುಂಬಾ ದೊಡ್ಡದನ್ನು ಹುಡುಕುತ್ತಿದ್ದಿರಿ. ಎಲ್ಲರ ತಲೆಯಲ್ಲೂ ಅಂಗೈಯಗಲದ ಮೆಗಲಡಾನ್ ಹಲ್ಲು ಇರುತ್ತದೆ. ಆ ಶಾರ್ಕ್ ಇಲ್ಲೂ ಇತ್ತು, ಹಲ್ಲೂ ಸಿಗುತ್ತದೆ, ಆದರೆ ವರ್ಷಗಟ್ಟಲೆ ಬರುವವರಿಗೂ ಅಪರೂಪ. ನಮಗೆ ಸಿಗುವುದು ಕಡಲೆಬೇಳೆಯಷ್ಟು, ಹೆಚ್ಚೆಂದರೆ ಹುಣಸೆ ಬೀಜದಷ್ಟು. ಕಪ್ಪು ಇಲ್ಲವೇ ಬೂದು ಬಣ್ಣ, ಒದ್ದೆಯಾದಾಗ ಪಿಂಗಾಣಿಯ ಹೊಳಪು, ಬುಡದಲ್ಲಿ ಎರಡು ಕವಲು. ಕಪ್ಪಾದಷ್ಟೂ ಹಳೆಯದು ಅಂತೇನೂ ಇಲ್ಲ. ಹೂತಿದ್ದ ಮಣ್ಣಿನ ಖನಿಜ ಕೊಟ್ಟ ಬಣ್ಣ ಅದು.

ಇಳಿತದ ಹೊತ್ತಿಗೆ ಹೋಗಿ. ಇಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದಡಿ ಚಿಲ್ಲರೆ, ಆದರೂ ಅಷ್ಟರಲ್ಲೇ ಜಲ್ಲಿ ಪಟ್ಟಿ ಕಾಣುತ್ತದೆ. ಬಿರುಗಾಳಿಯ ಮರುದಿನ ಇನ್ನೂ ಒಳ್ಳೆಯದು. ಅಡುಗೆಮನೆಯ ಸೋಸುವ ಬುಟ್ಟಿ ಸಾಕು. ಸ್ಟೇಟ್ ಪಾರ್ಕಿನಲ್ಲಿ ಕಾರು ನಿಲ್ಲಿಸಿ ಬೀಚಿಗೆ ಸುಮಾರು 3 ಕಿಲೋಮೀಟರ್ ಕಾಡುದಾರಿ ನಡೆಯಬೇಕು, ವಾಪಸ್ ಬರುವಾಗಲೂ ಅಷ್ಟೇ. ಮಂಡಿನೋವಿನವರು ಜೊತೆಗಿದ್ದರೆ ಹತ್ತಿರದ ಫ್ಲ್ಯಾಗ್ ಪಾಂಡ್ಸ್ ಪಾರ್ಕ್ ನೋಡಿ, ನಡಿಗೆ ಕಡಿಮೆ. ಜುಲೈ ಆಗಸ್ಟ್‌ನಲ್ಲಿ ನೀರಿಗಿಳಿದರೆ ಜೆಲ್ಲಿ ಮೀನು ಕುಟುಕುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ನಮ್ಮ ಮನೆಯಲ್ಲಿ ದಾಖಲೆ ನಮ್ಮತ್ತೆಯದು. ಮೊದಲ ಸಲ ಬಂದವರು, ಹೊನ್ನಾವರದ ಕಡೆಯವರು. ನಾವೆಲ್ಲ ಬಗ್ಗಿ ಬಗ್ಗಿ ನಡೆದಾಡುತ್ತಿದ್ದರೆ ಅವರು ಸೀರೆ ಎತ್ತಿಕಟ್ಟಿ, ನೀರಂಚಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತರು. ಒಂದೊಂದು ಹಿಡಿ ಜಲ್ಲಿಯನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ, ಬೆರಳ ತುದಿಯಿಂದ ಸರಿಸಿದರು. ಒಂದೂವರೆ ಗಂಟೆಗೆ 17 ಹಲ್ಲು. ಹೇಗೆ ಅಂತ ಕೇಳಿದರೆ, "ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೇ ಅಲ್ವನೇ, ಇಲ್ಲಿ ಕಲ್ಲಲ್ಲಿ ಅಕ್ಕಿ ಆರಿಸಬೇಕು, ಅಷ್ಟೆ" ಅಂದರು. ನನ್ನ ಇಷ್ಟುದ್ದದ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಅದೇ ರಾತ್ರಿ ಅವರು ಇನ್ನೊಂದು ಪ್ರಶ್ನೆ ಹಾಕಿದರು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ನಮ್ಮಲ್ಲೂ ಸಮುದ್ರ ಇದೆ, ಕಾರವಾರದ ಮಾರ್ಕೆಟ್ಟಿಗೆ ಮೋರಿ ಮೀನೂ, ಅಂದರೆ ಶಾರ್ಕೂ, ಬರುತ್ತದೆ. ಮತ್ತೆ ಹೊನ್ನಾವರದಲ್ಲಿ ಯಾಕೆ ನಾನು ಒಂದೂ ಇಂಥ ಹಲ್ಲು ನೋಡಿಲ್ಲ?"

ಶಾರ್ಕಿನ ಹಲ್ಲು ಬೀಳುತ್ತಲೇ ಇರುತ್ತದೆ, ಹೊಸದು ಬರುತ್ತಲೇ ಇರುತ್ತದೆ. ಒಂದು ಶಾರ್ಕ್ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಹಾಗಾಗಿ ಹಲ್ಲಿಗೆ ಬರವಿಲ್ಲ. ಬೇಕಾದದ್ದು ಅದನ್ನು ಹೂತಿಟ್ಟುಕೊಂಡು, ಸರಿಯಾದ ಕಾಲಕ್ಕೆ ಹೊರಗೆ ಹಾಕುವ ಮಣ್ಣು. ಉತ್ತರ ಕನ್ನಡದ ಕಡಲಂಚಿನಲ್ಲಿ ಇರುವುದು ಬಹುಪಾಲು ಗಟ್ಟಿ ಹಳೆಯ ಬಂಡೆ, ಮೇಲೆ ಮುರಕಲ್ಲು. ನಮ್ಮ ಕಡೆಯ ಬಂಡೆ ಎಷ್ಟು ಹಳೆಯದು ಅನ್ನುವುದಕ್ಕೆ ಒಂದು ಉದಾಹರಣೆ: ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಶಾರ್ಕುಗಳು ಹುಟ್ಟಿ 40 ಕೋಟಿ ವರ್ಷ ದಾಟಿದೆ ಅಷ್ಟೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಲಾವಾ, ಅದರಲ್ಲಿ ಮೀನು ಎಲ್ಲಿಂದ ಬರಬೇಕು? ತಮಾಷೆ ಏನೆಂದರೆ, ಕ್ಯಾಲ್ವರ್ಟ್ ಗೋಡೆಯ ಒಂದು ಪದರದ ಹೆಸರೂ ಸೇಂಟ್ ಮೇರೀಸ್. ಸಂಬಂಧ ಏನೂ ಇಲ್ಲ.

"ಹಾಗಾದರೆ ಕರ್ನಾಟಕಕ್ಕೆ ಸಮುದ್ರದ ತಳವೇ ಇಲ್ಲವಾ?" ಇದೆ, ಅತ್ತೆ ದಿನಾ ಅದರ ಮೇಲೇ ನಿಂತು ಒಗ್ಗರಣೆ ಹಾಕುತ್ತಾರೆ. ಅವರ ಅಡುಗೆಮನೆಗೆ ಹಾಸಿರುವ ಶಹಾಬಾದ್ ಕಲ್ಲು ಒಂದು ಕಾಲದ ಸಮುದ್ರದ ತಳದ ಸುಣ್ಣಕೆಸರು. ಆದರೆ ಅದು ಕೂತಿದ್ದು ಮೀನು ಅನ್ನುವ ಜೀವಿ ಹುಟ್ಟುವ ಎಷ್ಟೋ ಮೊದಲು. ಒಂದು ಹಲ್ಲೂ ಇರುವ ಹಾಗಿಲ್ಲ.

ಶಾರ್ಕ್ ಹಲ್ಲಿನ ಪಳೆಯುಳಿಕೆ ಭಾರತದಲ್ಲಿ ಬೇರೆ ಕಡೆ ಇದೆ. ಗುಜರಾತಿನ ಕಚ್ಛ್‌ನಲ್ಲಿದೆ. ಒಡಿಶಾದ ಬಾರಿಪದಾದಲ್ಲಿದೆ, ಅದು ಈಗ ಸಮುದ್ರ ಕಾಣದ ಊರು. ನಮಗೆ ಹತ್ತಿರ ಅಂದರೆ ತಮಿಳುನಾಡಿನ ಅರಿಯಲೂರು ಸೀಮೆ. ಅಲ್ಲಿನವು ಡೈನೋಸಾರ್ ಕಾಲದವು, ಕ್ಯಾಲ್ವರ್ಟ್ ಹಲ್ಲುಗಳಿಗೆ ಮುತ್ತಜ್ಜನ ಮುತ್ತಜ್ಜ. ನೋಡಲು ಒಂದು ಪಳೆಯುಳಿಕೆ ಮ್ಯೂಸಿಯಂ ಕೂಡ ಇದೆ.

ಅತ್ತೆ 17 ಹಲ್ಲನ್ನು ಅಮೃತಾಂಜನದ ಖಾಲಿ ಡಬ್ಬಿಗೆ ಹಾಕಿ ಊರಿಗೆ ಹೋದರು. ಹೋದ ವಾರ ಫೋನ್ ಮಾಡಿ, ಅರಿಯಲೂರಿಗೆ ರೈಲು ಇದೆಯಾ ಅಂತ ಕೇಳಿದರು. ಇದೆ ಅಂದೆ. ಗುದ್ದಲಿ ವಿಷಯ ಅವರು ಎತ್ತಲಿಲ್ಲ.