ಮುರಕಲ್ಲಿನ ಗೋಡೆಗೆ ಎಷ್ಟು ನಾಯ್ಸ್ ಹಾಕಬೇಕು?

ಪ್ರಶ್ನೆ: ಪಿಕ್ಸೆಲ್ ಆರ್ಟ್ ಗೇಮ್ ಒಂದಕ್ಕೆ ಬೇಕಲ ಕೋಟೆಯಂಥ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಬೇಕು. 16×16 ಪಿಕ್ಸೆಲ್‌ನ ಟೈಲ್‌ಗೆ (ಮತ್ತೆ ಮತ್ತೆ ಜೋಡಿಸುವ ಚಿತ್ರದ ತುಂಡಿಗೆ) ಕೆಂಪು ತುಂಬಿ, ಇಟ್ಟಿಗೆಯ ಹಾಗೆ ಗೆರೆ ಎಳೆದು, ಮೇಲಿಂದ ನಾಯ್ಸ್, ಅಂದರೆ ಅಡ್ಡಾದಿಡ್ಡಿ ಬಣ್ಣದ ಚುಕ್ಕಿ, ಹಾಕಿದ್ದೇನೆ. ಆದರೂ ಕಲ್ಲಿನ ಹಾಗೆ ಕಾಣುವುದಿಲ್ಲ. ಶೇಕಡಾ ಎಷ್ಟು ಹಾಕಿದರೆ ಸರಿ?

ಉತ್ತರ: ಸೊನ್ನೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಶೇಕಡಾ ಹತ್ತೋ ಇಪ್ಪತ್ತೋ ಎಂದು ಚೂರು ರೂಪ ಬದಲಿಸಿಕೊಂಡು ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಬುಡದಿಂದಲೇ ನೋಡೋಣ.

ನಾಯ್ಸ್ ಹಾಕಿದರೆ ಕಲ್ಲಾಗುತ್ತದೆ ಎಂಬ ನಂಬಿಕೆ ಹುಟ್ಟುವುದು ಸಹಜ. ಮುರಕಲ್ಲಿನ ಮೈತುಂಬ ತೂತು. ಹತ್ತಿರ ಹೋದರೆ ಕೆಂಪು, ಹಳದಿ, ಕಂದು ಎಲ್ಲ ಕಲಸಿಹೋಗಿರುತ್ತವೆ. ಹಾಗಾದರೆ ಚುಕ್ಕಿ ಚೆಲ್ಲಿದರೆ ಮುರಕಲ್ಲು ಆಯಿತಲ್ಲ ಎಂಬ ಲೆಕ್ಕ. 16×16 ಟೈಲ್‌ನಲ್ಲಿರುವುದು ಒಟ್ಟು 256 ಪಿಕ್ಸೆಲ್. ಶೇಕಡಾ 30 ನಾಯ್ಸ್ ಹಾಕಿದರೆ ಸುಮಾರು 77 ಪಿಕ್ಸೆಲ್ ಬಣ್ಣ ಬದಲಿಸುತ್ತವೆ, ಅವುಗಳಲ್ಲಿ ಬಹಳಷ್ಟು ಒಂಟಿ ಚುಕ್ಕಿಗಳು. ಕಲ್ಲುಗಳ ನಡುವಿನ ಸಂದಿಯೂ ಒಂದೇ ಪಿಕ್ಸೆಲ್ ಅಗಲ. ಸಂದಿಗೂ ಚುಕ್ಕಿಗೂ ಗಾತ್ರ ಒಂದೇ, ಕಪ್ಪೂ ಹೆಚ್ಚುಕಡಿಮೆ ಒಂದೇ. ಕಲ್ಲಿನ ಅಂಚು ಯಾವುದು, ತೂತು ಯಾವುದು ಎಂದು ಕಣ್ಣು ಹೇಗೆ ಬೇರ್ಪಡಿಸೀತು? ಕಲ್ಲು ಕರಗಿ ಹೊಯಿಗೆ (ಮರಳು) ರಾಶಿ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಕಪ್ಪು ಚುಕ್ಕಿ ಇಟ್ಟ ಮಾತ್ರಕ್ಕೆ ತೂತಾಗುವುದಿಲ್ಲ. ಬೆಳಕು ಮೇಲಿನಿಂದ ಬೀಳುವಾಗ ತೂತಿನ ಮೇಲಂಚಿನ ಒಳಗೆ ನೆರಳು ನಿಲ್ಲುತ್ತದೆ, ಕೆಳಗಿನ ತುಟಿಗೆ ಬೆಳಕು ತಾಗುತ್ತದೆ. ಆದ್ದರಿಂದ ಅಕ್ಕಪಕ್ಕ ಎರಡು ಕಪ್ಪು ಪಿಕ್ಸೆಲ್, ಅವುಗಳ ಕೆಳಗೆ ಒಂದು ತಿಳಿ ಪಿಕ್ಸೆಲ್ ಇಟ್ಟರೆ ತೂತು. ಅದನ್ನೇ ತಲೆಕೆಳಗು ಮಾಡಿ, ಮೇಲೆ ತಿಳಿ ಕೆಳಗೆ ಕಪ್ಪು ಇಟ್ಟರೆ ಉಬ್ಬು. ಮೂರೇ ಪಿಕ್ಸೆಲ್‌ನಲ್ಲಿ ಹಳ್ಳ, ಉಬ್ಬು ಎರಡನ್ನೂ ಹೇಳಬಹುದು. ನಾಯ್ಸ್‌ಗೆ ಬೆಳಕು ಯಾವ ಕಡೆಯದು ಎಂದೇ ಗೊತ್ತಿಲ್ಲ. 77 ಪಿಕ್ಸೆಲ್ ಖರ್ಚು ಮಾಡಿಯೂ ಅದು ಒಂದು ತೂತನ್ನು ಕೊರೆಯಲಾರದು.

ಟೈಲ್ ಜೋಡಿಸಿದಾಗ ಮತ್ತೊಂದು ಅವಾಂತರ. 320 ಪಿಕ್ಸೆಲ್ ಅಗಲದ ಪರದೆಯಲ್ಲಿ 20 ಟೈಲ್ ಕೂರುತ್ತವೆ. ನಾಯ್ಸ್‌ನಲ್ಲಿ ಅಕಸ್ಮಾತ್ ಬಂದ ಒಂದು ತೀರಾ ತಿಳಿ ಚುಕ್ಕಿ 20 ಸಲ, ಸರಿಯಾಗಿ 16 ಪಿಕ್ಸೆಲ್‌ಗೊಮ್ಮೆ ಬಂದು ಸಾಲಾಗಿ ನಿಲ್ಲುತ್ತದೆ. ಕ್ಯಾಮೆರಾ ಸರಿದರೆ ಗೋಡೆ ಮಿಣುಗುತ್ತದೆ. ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿದರಂತೂ ಕೆಲವು ಚುಕ್ಕಿ ದಪ್ಪ, ಕೆಲವು ಸಣ್ಣ. ಹಿಗ್ಗಿಸುವುದಾದರೆ ಯಾವಾಗಲೂ ಎರಡು, ಮೂರು, ನಾಲ್ಕು ಪಟ್ಟು.

"ಶೇಕಡಾ 5 ಸಾಕೇ?" ಹದಿಮೂರು ಚುಕ್ಕಿ, ಅಳಿಸಲು ಮರೆತ ಹಾಗೆ ಕಾಣುತ್ತವೆ. "ಚದುರಂಗದ ಮನೆಯ ಹಾಗೆ ಎರಡು ಬಣ್ಣದ ಚುಕ್ಕಿ ಒಂದು ಬಿಟ್ಟು ಒಂದು ಇಡುವ ಡಿದರಿಂಗ್ ಮಾಡಲೇ?" ಅದೂ ಚುಕ್ಕಿಯೇ, ಶಿಸ್ತಾಗಿ ನಿಂತಿದೆ ಅಷ್ಟೆ. ಬಣ್ಣ ಕಡಿಮೆ ಇದ್ದಾಗ ಎರಡರ ನಡುವಿನ ಬಣ್ಣ ತೋರಿಸಲು ಹುಟ್ಟಿದ ಉಪಾಯ ಅದು. ಕಲ್ಲಿನ ಒರಟುತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಮಾಡುವ ಕ್ರಮ. ನಾಲ್ಕು ಬಣ್ಣ ಸಾಕು. ಮೂಲಬಣ್ಣ ಕೆಂಪು 164, ಹಸಿರು 84, ನೀಲಿ 58 (ಪ್ರತಿಯೊಂದೂ 255ರಲ್ಲಿ). ಅದೇ ಕ್ರಮದಲ್ಲಿ ನೆರಳಿಗೆ 120, 56, 52. ಸಂದಿಗೆ ಮತ್ತು ತೂತಿಗೆ 74, 36, 48. ಬೆಳಕಿಗೆ 204, 120, 76. ಕಪ್ಪಾಗುತ್ತ ಹೋದಂತೆ ಬಣ್ಣ ನೇರಳೆಯತ್ತ, ತಿಳಿಯಾಗುತ್ತ ಹೋದಂತೆ ಕಿತ್ತಳೆಯತ್ತ ವಾಲುವುದನ್ನು ಗಮನಿಸಿ. ಮೂಲಬಣ್ಣಕ್ಕೆ ಬರೀ ಕಪ್ಪು ಬಿಳುಪು ಬೆರೆಸಿದರೆ ಗೋಡೆ ಸಪ್ಪೆ.

ಸಂದಿ ಸೇರಿಸಿ ಒಂದು ಕಲ್ಲಿಗೆ 8×4 ಕೊಡಿ. ಕಲ್ಲಿನ ಮೈ 7×3 ಉಳಿಯುತ್ತದೆ. ಟೈಲ್‌ಗೆ ನಾಲ್ಕು ಸಾಲು, ಸಾಲು ಬಿಟ್ಟು ಸಾಲಿಗೆ 4 ಪಿಕ್ಸೆಲ್ ಸರಿಸಿ. ಸಾಲುಗಳ ಸಂಖ್ಯೆ ಸಮ ಇರಲೇಬೇಕು. ಐದೈದು ಪಿಕ್ಸೆಲ್‌ನ ಮೂರು ಸಾಲು ಮಾಡಿದವರಿಗೆ ಎರಡು ಟೈಲ್ ಒಂದರ ಮೇಲೊಂದು ಬಂದಲ್ಲಿ ಸಂದಿ ಮೇಲೆ ಸಂದಿ ಬೀಳುತ್ತದೆ; ಮೇಸ್ತ್ರಿ ನೋಡಿದರೆ ನಗುತ್ತಾನೆ. ಪಿಕ್ಸೆಲ್ ಆರ್ಟ್ ಬಿಡಿಸುವ ತಂತ್ರಾಂಶ ಏಸ್‌ಪ್ರೈಟ್‌ನಲ್ಲಿ ಟೈಲ್ಡ್ ಮೋಡ್ (ಟೈಲ್‌ನ ಸುತ್ತ ಅದನ್ನೇ ಜೋಡಿಸಿ ತೋರಿಸುವ ಸೌಲಭ್ಯ) ಹಾಕಿಕೊಂಡೇ ಬಿಡಿಸಿದರೆ ಈ ತಪ್ಪು ಕೂಡಲೇ ಕಾಣುತ್ತದೆ.

ಕಲ್ಲಿನ ಮೈಯ ಮೇಲ್ಸಾಲಿಗೆ ಬೆಳಕು, ಕೆಳಸಾಲಿಗೆ ನೆರಳು. ಆದರೆ ಮೈಯಲ್ಲಿ ಇರುವುದೇ ಪಿಕ್ಸೆಲ್‌ನ ಮೂರು ಸಾಲು. ಉದ್ದಕ್ಕೂ ಎಳೆದರೆ ಗೋಡೆ ತಗಡಿನ ಶೀಟಿನ ಹಾಗೆ ಪಟ್ಟೆಪಟ್ಟೆಯಾಗುತ್ತದೆ. ಬೆಳಕನ್ನು ಎಡಗಡೆ ಮೂರೋ ನಾಲ್ಕೋ ಪಿಕ್ಸೆಲ್‌ಗೆ, ನೆರಳನ್ನು ಬಲಗಡೆ ಅಷ್ಟಕ್ಕೇ ನಿಲ್ಲಿಸಿ. ನಾಲ್ಕೂ ಸುತ್ತ ನೆರಳು ಕೊಟ್ಟರೆ ಕಲ್ಲು ದಿಂಬಾಗುತ್ತದೆ. ಟೈಲ್‌ನಲ್ಲಿ ಎಂಟು ಕಲ್ಲಿನಷ್ಟು ಜಾಗವಿದೆ. ಮೂರಕ್ಕೆ ಮಾತ್ರ ತೂತು, ಕಲ್ಲಿಗೆ ಒಂದೇ. ಒಂದು ಕಲ್ಲಿನ ಮೂಲೆ ಒಡೆಯಿರಿ. ಉಳಿದವು ಖಾಲಿ ಇರಲಿ. ಖಾಲಿ ಕಲ್ಲು ಇದ್ದರೇ ತೂತಿನ ಕಲ್ಲು ಒರಟಾಗಿ ಕಾಣುವುದು.

ಕೋಟೆಯ ಬದಲು ಈಗಿನ ಪಾಗಾರ (ಕಾಂಪೌಂಡ್ ಗೋಡೆ) ಬಿಡಿಸುವವರು ಸಂದಿಯನ್ನು ಕಪ್ಪು ಮಾಡಬೇಡಿ. ಸಿಮೆಂಟ್ ತುಂಬಿದ ಸಂದಿ ಕಲ್ಲಿಗಿಂತ ತಿಳಿ ಬೂದು. ಮಳೆಗಾಲದ ಕಪ್ಪು ಬೇಕಾದರೆ ಅದು ಗೋಡೆಯ ತಲೆಯಿಂದ ಕೆಳಗೆ ಇಳಿಯಲಿ, ಪಾಚಿಯ ಹಸಿರು ಬುಡದಿಂದ ಏರಲಿ. ಎರಡನ್ನೂ ಬೇರೆ ಪದರದ ಟೈಲ್‌ಗಳಲ್ಲಿ ಮಾಡಿ. ಮೂಲ ಟೈಲ್‌ಗೇ ಬಳಿದರೆ ಗೋಡೆಯ ನಡುವೆಯೂ 16 ಪಿಕ್ಸೆಲ್‌ಗೊಮ್ಮೆ ಪಾಚಿ ಬೆಳೆಯುತ್ತದೆ.

ನೀವು ಕೇಳಿಲ್ಲ, ಆದರೆ "ಇಟ್ಟಿಗೆಯ ಹಾಗೆ ಗೆರೆ" ಎಂದಿರಲ್ಲ, ಅಲ್ಲೊಂದು ತಮಾಷೆ ಇದೆ. ನಿಮ್ಮ ಪಾತ್ರದ ಎತ್ತರ 32 ಪಿಕ್ಸೆಲ್ ಎಂದುಕೊಳ್ಳಿ. ಐದೂವರೆ ಅಡಿಯ ಮನುಷ್ಯ ಎಂದರೆ ಪಿಕ್ಸೆಲ್‌ಗೆ ಸುಮಾರು 5.25 ಸೆಂ.ಮೀ. ಪ್ರಮಾಣಿತ ಇಟ್ಟಿಗೆ ಗಾರೆ ಸೇರಿ 20 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರ, ಅಂದರೆ 4×2 ಪಿಕ್ಸೆಲ್. ಸಂದಿಗೆ ಒಂದು ಹೋದರೆ ಮೈಗೆ 3×1. ಬಿಡಿಸಲು ಏನೂ ಉಳಿಯಲಿಲ್ಲ. ಮುರಕಲ್ಲು ಸುಮಾರು 40 ಸೆಂ.ಮೀ. ಉದ್ದ, 20 ಎತ್ತರ, ಅದಕ್ಕೆ 8×4. ಎಲ್ಲರೂ ಇಟ್ಟಿಗೆ ಎಂದು ಬಿಡಿಸುವ 8×4, ಈ ಅಳತೆಯಲ್ಲಿ, ನಮ್ಮ ಕೋರೆಯ ಕಲ್ಲೇ! ನಿಜವಾದ ಇಟ್ಟಿಗೆಗೆ 8×4 ಕೊಡಬೇಕಾದರೆ ಪಾತ್ರ 64 ಪಿಕ್ಸೆಲ್ ಇರಬೇಕು, ಆಗ ಮುರಕಲ್ಲು 16×8. ಏಳಡಿಯ ಬಾಗಿಲು 32ರ ಪಾತ್ರಕ್ಕೆ ಸುಮಾರು 40 ಪಿಕ್ಸೆಲ್: ಹತ್ತು ಸಾಲು ಕಲ್ಲು, ಎರಡೂವರೆ ಟೈಲ್. ಮೂರನೇ ಟೈಲ್‌ನಲ್ಲಿ ಉಳಿದ ಅರ್ಧವನ್ನು ಬಾಗಿಲ ಮೇಲಿನ ಅಡ್ಡಪಟ್ಟಿಗೆ ಬಿಡಿ. ಬಾಗಿಲನ್ನೇ ಮೂರು ಟೈಲ್‌ಗೆ ಎಳೆದರೆ ಎಂಟಡಿ ದಾಟುತ್ತದೆ.