ಸಾಂಬಾರ್ ಕವರ್ ಮತ್ತು 60ರ ಲೆಕ್ಕ

ಪ್ಯಾಕಿಂಗ್ ಪ್ಲಾಸ್ಟಿಕ್‌ನಿಂದ ಊಟಕ್ಕೆ ಇಳಿಯುವ ಎಲ್ಲ ಪದಾರ್ಥ ಸೇರಿ ಎಷ್ಟಿರಬಹುದು? ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮ ಹೇಳುವುದಿಷ್ಟು: ಕಿಲೋ ಆಹಾರಕ್ಕೆ 60 ಮಿಲಿಗ್ರಾಂ, ಇಲ್ಲವೇ ಆಹಾರ ತಾಗುವ ಪ್ಲಾಸ್ಟಿಕ್‌ನ ಚದರ ಡೆಸಿಮೀಟರ್‌ಗೆ 10 ಮಿಲಿಗ್ರಾಂ. ಪರೀಕ್ಷೆ ಭಾರತೀಯ ಮಾನದಂಡ ಐಎಸ್ 9845ರ ಪ್ರಕಾರ. ಕಣ್ಣಿಗೆ ಕಾಣುವಂತೆ ಬಣ್ಣ ಬಿಟ್ಟರೂ ಫೇಲ್.

ಎಡವುವುದು ಆ ‘ಇಲ್ಲವೇ’ ಹತ್ತಿರ. ಎರಡೂ ಒಂದೇ ಮಿತಿ ಅನ್ನಿಸುತ್ತದೆ, ಆದರೆ ಒಂದು ಬಗೆಯ ಅಳತೆಯ ಡಬ್ಬಿಗೆ ಮಾತ್ರ ಅದು ನಿಜ. 10 ಸೆಂ.ಮೀ. ಉದ್ದ, ಅಗಲ, ಎತ್ತರದ ಡಬ್ಬಿ ತಗೊಳ್ಳಿ. 6 ಮುಖ, ಒಂದೊಂದೂ 1 ಚದರ ಡೆಸಿಮೀಟರ್. ಒಳಗೆ ಹಿಡಿಯುವುದು 1 ಲೀಟರ್ ನೀರು, ಅಂದರೆ 1 ಕಿಲೋ. 6 × 10 = 60. ತಾಳೆ ಆಯಿತು.

ಈಗ ದರ್ಶಿನಿಯಲ್ಲಿ ಗಂಟು ಹಾಕಿ ಕೊಡುವ ಸಾಂಬಾರ್ ಕವರ್. ಸಾಂಬಾರ್ ತಾಗುವ ಜಾಗ ಒಂದು ಬದಿಗೆ 10 × 10 ಸೆಂ.ಮೀ. ಅಂದುಕೊಳ್ಳಿ. ಎರಡೂ ಬದಿ ಸೇರಿ 200 ಚದರ ಸೆಂ.ಮೀ. ಇದನ್ನು 10ರಿಂದ ಭಾಗಿಸಿದರೆ ಲೆಕ್ಕ ಕೆಟ್ಟಿತು: ಡೆಸಿಮೀಟರ್‌ಗೆ 10 ಸೆಂ.ಮೀ., ಆದರೆ ಚದರ ಡೆಸಿಮೀಟರ್‌ಗೆ 100 ಚದರ ಸೆಂ.ಮೀ. ಹಾಗಾಗಿ ಉತ್ತರ 2, 20 ಅಲ್ಲ. ಚದರ ಡೆಸಿಮೀಟರ್‌ಗೆ 10ರಂತೆ 20 ಮಿಲಿಗ್ರಾಂ ಇಳಿಯಬಹುದು. ಒಳಗಿರುವ ಸಾಂಬಾರ್ ಬರೀ 100 ಗ್ರಾಂ. ಕಿಲೋಗೆ ಹಾಕಿದರೆ 200 ಮಿಲಿಗ್ರಾಂ, 60ರ ಮೂರು ಪಟ್ಟಿಗೂ ಹೆಚ್ಚು! ಒಂದು ಅಳತೆಯಲ್ಲಿ ಪಾಸಾದ ಕವರ್ ಇನ್ನೊಂದರಲ್ಲಿ ನಪಾಸು.

ಶಾರ್ಟ್‌ಕಟ್: ತಾಗುವ ಚದರ ಸೆಂ.ಮೀ.ಯನ್ನು ಆಹಾರದ ಗ್ರಾಂನಿಂದ ಭಾಗಿಸಿ. ಮೇಲಿನ ಡಬ್ಬಿಗೆ 600 ÷ 1000 = 0.6. ಇದಕ್ಕಿಂತ ಜಾಸ್ತಿ ಬಂದರೆ ಕಿಲೋ ಮಿತಿಯೇ ಬಿಗಿ, ಕಡಿಮೆ ಬಂದರೆ ಚದರದ ಮಿತಿ ಬಿಗಿ. ಸಾಂಬಾರ್ ಕವರ್‌ಗೆ 2, ಮನೆಯ 20 ಲೀಟರ್ ನೀರಿನ ಕ್ಯಾನ್‌ಗೆ 0.2ರ ಆಸುಪಾಸು. ಪ್ಯಾಕೆಟ್ ಚಿಕ್ಕದಾದಷ್ಟೂ ಊಟದ ಪಾಲಿಗೆ ಪ್ಲಾಸ್ಟಿಕ್ ಜಾಸ್ತಿ.

ಈ ಮಿತಿ ‘ಎಷ್ಟು’ ಅನ್ನುತ್ತದೆ, ‘ಏನು’ ಅನ್ನುವುದಿಲ್ಲ. 60ರೊಳಗೇ ಇದ್ದರೂ ಇಳಿದದ್ದು ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ಥಾಲೇಟ್ ಆಗಿದ್ದರೆ ಚಿಂತೆ ಬೇರೆಯೇ.

ಲ್ಯಾಬ್‌ನಲ್ಲಿ ಹುಳಿ ಪದಾರ್ಥದ ಬದಲಿಗೆ 3% ಅಸಿಟಿಕ್ ಆಮ್ಲ, ಎಣ್ಣೆಯದರ ಬದಲಿಗೆ ಹೆಪ್ಟೇನ್ ಎಂಬ ದ್ರಾವಕ ಬಳಸುತ್ತಾರೆ. ಸಾಂಬಾರ್‌ನಲ್ಲಿ ಹುಣಸೆಹುಳಿಯೂ ಇದೆ, ಮೇಲೆ ಒಗ್ಗರಣೆ ಎಣ್ಣೆಯೂ ತೇಲುತ್ತದೆ. ಜೊತೆಗೆ ಬಿಸಿ. ‘ಕವರ್ ಕರಗಲಿಲ್ಲವಲ್ಲ’ ಅನ್ನುವ ವಾದ ನಿಲ್ಲುವುದಿಲ್ಲ: ಕರಗುವ ಬಿಸಿಗಿಂತ ಬಹಳ ಕೆಳಗೇ ಪದರ ಸಡಿಲಾಗಿ ಒಳಗಿನದು ಬೇಗ ಹೊರಬರುತ್ತದೆ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸಬಾರದು ಎಂದು 2025ರಲ್ಲಿ ರಾಜ್ಯ ಸರ್ಕಾರ ಹೇಳಿದ್ದೂ ಇದಕ್ಕೇ.

ಪ್ಲಾಸ್ಟಿಕ್ ಡಬ್ಬಿಯ ಮೇಲೆ ತ್ರಿಕೋನದೊಳಗೆ ಇರುವ 1ರಿಂದ 7ರ ಅಂಕಿ ಪ್ಲಾಸ್ಟಿಕ್‌ನ ಜಾತಿ ಹೇಳುತ್ತದೆ ಅಷ್ಟೆ, ಸುರಕ್ಷತೆಯ ಗುರುತಲ್ಲ.

ಕಸದ ಕಥೆ ಚಿಕ್ಕದು. ಎಣ್ಣೆ ಮೆತ್ತಿದ ತೆಳು ಕವರ್ ಒಣ ಕಸಕ್ಕೆ ಬಿದ್ದರೆ ಪಕ್ಕದ ರಟ್ಟು, ಪೇಪರ್ ಕೂಡ ಹಾಳು. ತೊಳೆದು ಒಣಗಿಸಿ ಹಾಕಬೇಕು. ಚಿಪ್ಸ್ ಪ್ಯಾಕೆಟ್ ತೊಳೆದರೂ ಅಷ್ಟಕ್ಕಷ್ಟೆ: ಹಲವು ಪದರ ಅಂಟಿಕೊಂಡಿದ್ದು, ಬಿಡಿಸಲು ಬರುವುದಿಲ್ಲ.